ಮಗನ ಬೆಳವಣಿಗೆಯ ಹಾರ್ಮೋನು 0.3 ಎಂದು ಬಂದಿದೆ: ಹೈಪೋಥಲಾಮಸ್ ಇದನ್ನು ಹೇಗೆ ನಿಯಂತ್ರಿಸುತ್ತದೆ, ತಿಳಿದವರು ವಿವರಿಸಬೇಕು

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟೂವರೆ ವರ್ಷ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವನು ಅವನೇ. ಪ್ರತಿ ಯುಗಾದಿಯ ದಿನ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅವನನ್ನು ಒರಗಿಸಿ ನಿಲ್ಲಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಇಸವಿ ಬರೆಯುವುದು ನಮ್ಮ ಮನೆಯ ರೂಢಿ. ಹೋದ ವರ್ಷದ ಗೆರೆಗೂ ಈ ವರ್ಷದ ಗೆರೆಗೂ ನಡುವೆ ಟೇಪು ಹಿಡಿದರೆ ನಾಲ್ಕು ಸೆಂಟಿಮೀಟರ್ ಮಾತ್ರ ಬಂತು. ಅದರ ಹಿಂದಿನ ವರ್ಷ ಐದೂವರೆ ಇತ್ತು.

ಬಂಧುಗಳೊಬ್ಬರ ಮಾತಿನ ಮೇಲೆ, ವೈದ್ಯರ ಚೀಟಿ ಇಲ್ಲದೆ ನಾವೇ ಹೋಗಿ ಬೆಳವಣಿಗೆಯ ಹಾರ್ಮೋನಿನ ಪರೀಕ್ಷೆ ಮಾಡಿಸಿದೆವು. ತಿಂಡಿ ತಿಂದ ಮೇಲೆ, ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ರಕ್ತ ತೆಗೆದರು. ಮಿಲಿಲೀಟರಿಗೆ 0.3 ನ್ಯಾನೋಗ್ರಾಂ ಎಂದು ವರದಿ ಬಂದಿದೆ. ಅದನ್ನು ನೋಡಿದ ಒಬ್ಬರು ಈ ಹಾರ್ಮೋನನ್ನು ತಯಾರಿಸುವ ಪಿಟ್ಯುಟರಿ ಗ್ರಂಥಿ ಮಗುವಿನಲ್ಲಿ ಕೆಲಸ ಮಾಡುತ್ತಿಲ್ಲ, ವರ್ಷಗಟ್ಟಲೆ ಪ್ರತಿ ರಾತ್ರಿ ಸೂಜಿ ಚುಚ್ಚಬೇಕು ಎಂದರು. ಇನ್ನೊಬ್ಬರು ದೋಷ ಪಿಟ್ಯುಟರಿಯಲ್ಲಿ ಇರಲಿಕ್ಕಿಲ್ಲ, ಅದರ ಮೇಲಿರುವ ಹೈಪೋಥಲಾಮಸ್‌ನಲ್ಲಿ ಇರಬಹುದು ಎಂದರು. ತಜ್ಞ ವೈದ್ಯರ ಭೇಟಿಗೆ ಇನ್ನೂ ಮೂರು ವಾರವಿದೆ. ಅಲ್ಲಿಯವರೆಗೆ ಈ ವಿಷಯವನ್ನು ನಾನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು ಎಂದು ಬರೆಯುತ್ತಿದ್ದೇನೆ.

ಹಳೆಯ ಮೇಷ್ಟ್ರು

ತಾಯೀ, ಮೊದಲು ನಿಮ್ಮ ಆತಂಕದ ಮಾತಿಗೆ ಉತ್ತರಿಸುತ್ತೇನೆ, ಆಮೇಲೆ ವಿವರಕ್ಕೆ ಬರುತ್ತೇನೆ. ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಬಹುಕಾಲ ಕಲಿಸಿ ನಿವೃತ್ತನಾದವನು. ಹಗಲು ಹನ್ನೊಂದು ಗಂಟೆಗೆ, ಅದೂ ಊಟ ತಿಂಡಿಯ ನಂತರ, ಸಂಪೂರ್ಣ ಆರೋಗ್ಯವಂತ ಮಗುವಿನ ರಕ್ತ ತೆಗೆದರೂ 0.3 ಬರಬಹುದು, ಅದಕ್ಕಿಂತ ಕಡಿಮೆಯೂ ಬರಬಹುದು. ಆ ಒಂದು ಸಂಖ್ಯೆಯಿಂದ ನಿಮ್ಮ ಮಗನ ಪಿಟ್ಯುಟರಿಯ ಬಗ್ಗೆ ಯಾವ ತೀರ್ಮಾನಕ್ಕೂ ಬರಲಾಗದು.

ಕಾರಣ ಇದು. ಥೈರಾಯ್ಡ್ ಹಾರ್ಮೋನಿನಂತೆ ಬೆಳವಣಿಗೆಯ ಹಾರ್ಮೋನು ದಿನವಿಡೀ ರಕ್ತದಲ್ಲಿ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಅದು ಅಲೆಅಲೆಯಾಗಿ ಹೊರಬರುತ್ತದೆ. ಎರಡು ಮೂರು ಗಂಟೆಗೊಮ್ಮೆ ಒಂದು ಅಲೆ ಎದ್ದು ಇಳಿಯುತ್ತದೆ, ರಾತ್ರಿ ಗಾಢ ನಿದ್ರೆ ಹತ್ತಿದ ಸ್ವಲ್ಪ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡ ಅಲೆ ಏಳುತ್ತದೆ. ರಕ್ತಕ್ಕೆ ಬಂದ ಹಾರ್ಮೋನಿನ ಅರ್ಧದಷ್ಟು ಸುಮಾರು ಇಪ್ಪತ್ತು ನಿಮಿಷದೊಳಗೆ ಕರಗಿಹೋಗುವುದರಿಂದ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ರಕ್ತ ತೆಗೆದರೆ ಅಲ್ಲಿ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ತಿಂಡಿ ತಿಂದು ರಕ್ತದ ಸಕ್ಕರೆ ಏರಿದಾಗಲಂತೂ ಸ್ರಾವ ಇನ್ನಷ್ಟು ತಗ್ಗುತ್ತದೆ.

ಈ ಅಲೆಗಳನ್ನು ಎಬ್ಬಿಸುವುದೂ ಮಲಗಿಸುವುದೂ ಹೈಪೋಥಲಾಮಸ್. ಮಿದುಳಿನ ಬುಡದಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಹಿಂದೆ ಮತ್ತು ಮೇಲೆ ಇರುವ ಈ ಭಾಗ ತೂಕದಲ್ಲಿ ನಾಲ್ಕು ಗ್ರಾಂ ಆಸುಪಾಸು. ಅದರಿಂದ ಒಂದು ಸಣ್ಣ ತೊಟ್ಟು ಕೆಳಗಿಳಿಯುತ್ತದೆ, ಆ ತೊಟ್ಟಿನ ತುದಿಗೆ ಕಡಲೆಕಾಳಿನ ಗಾತ್ರದ, ಅರ್ಧ ಗ್ರಾಮಿನಷ್ಟು ತೂಗುವ ಪಿಟ್ಯುಟರಿ ಇದೆ. ತಲೆಬುರುಡೆಯ ತಳದಲ್ಲಿ ಕುದುರೆಯ ಜೀನಿನ ಆಕಾರದ ಒಂದು ಕುಳಿಯಿದ್ದು, ಗ್ರಂಥಿ ಅದರೊಳಗೆ ಕೂತಿರುತ್ತದೆ. ತರಗತಿಯಲ್ಲಿ ಬುರುಡೆಯನ್ನು ಕೈಗೆ ಕೊಟ್ಟು ಆ ಕುಳಿಯಲ್ಲಿ ಕಿರುಬೆರಳಿನ ತುದಿ ಇಟ್ಟು ನೋಡಲು ಹೇಳುತ್ತಿದ್ದೆ. ಇಷ್ಟು ಚಿಕ್ಕ ಜಾಗದಿಂದ ಇಡೀ ದೇಹದ ಎತ್ತರ ನಿರ್ಧಾರವಾಗುತ್ತದೆಯೇ ಎಂದು ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಿದ್ದರು.

ಹೈಪೋಥಲಾಮಸ್‌ನಿಂದ ಪಿಟ್ಯುಟರಿಯ ಮುಂಭಾಗಕ್ಕೆ ಆಜ್ಞೆ ಹೋಗುವುದು ರಕ್ತದ ಮೂಲಕ. ತೊಟ್ಟಿನ ಮೇಲ್ತುದಿಯಲ್ಲಿ ಲೋಮನಾಳಗಳ ಒಂದು ಜಾಲವಿದೆ. ಅಲ್ಲಿನ ರಕ್ತ ಹೃದಯಕ್ಕೆ ಮರಳುವ ಮೊದಲು ತೊಟ್ಟಿನುದ್ದಕ್ಕೂ ಇಳಿದು, ಪಿಟ್ಯುಟರಿಯೊಳಗೆ ಮತ್ತೊಂದು ಲೋಮನಾಳ ಜಾಲವಾಗಿ ಕವಲೊಡೆಯುತ್ತದೆ. ಹೀಗಾಗಿ ಹೈಪೋಥಲಾಮಸ್‌ನ ನರಕೋಶಗಳು ತಮ್ಮ ತುದಿಯಿಂದ ಅತ್ಯಲ್ಪ ಪ್ರಮಾಣದಲ್ಲಿ ಒಸರಿಸಿದ ಹಾರ್ಮೋನು ಇಡೀ ದೇಹ ಸುತ್ತಿ ತೆಳುವಾಗುವ ಮುನ್ನವೇ, ಸಾಂದ್ರವಾಗಿರುವಾಗಲೇ, ಗ್ರಂಥಿಯನ್ನು ಮುಟ್ಟುತ್ತದೆ.

ಬೆಳವಣಿಗೆಯ ಹಾರ್ಮೋನಿನ ಮಟ್ಟಿಗೆ ಹೀಗೆ ಇಳಿದು ಬರುವ ಮುಖ್ಯ ಆಜ್ಞೆಗಳು ಎರಡು. ಮೊದಲನೆಯದು ಜಿಎಚ್‌ಆರ್‌ಎಚ್, ಅಂದರೆ ಬೆಳವಣಿಗೆಯ ಹಾರ್ಮೋನನ್ನು ಬಿಡುಗಡೆ ಮಾಡಿಸುವ ಹಾರ್ಮೋನು. ಇದನ್ನು ತಯಾರಿಸುವ ನರಕೋಶಗಳು ಹೈಪೋಥಲಾಮಸ್‌ನ ತಳದಲ್ಲಿರುವ ಆರ್ಕ್ಯುಯೇಟ್ ಎಂಬ ಕೋಶಗುಚ್ಛದಲ್ಲಿವೆ. ಎರಡನೆಯದು ಅದನ್ನು ತಡೆಯುವ ಸೊಮ್ಯಾಟೋಸ್ಟ್ಯಾಟಿನ್. ಇದರ ನರಕೋಶಗಳು ಮಿದುಳಿನ ಮೂರನೆಯ ಕುಹರದ ಗೋಡೆಗೆ ಅಂಟಿಕೊಂಡಂತೆ ಹಬ್ಬಿವೆ.

ಪಿಸಿಎಂಬಿ ವಿದ್ಯಾರ್ಥಿನಿ

ಸರ್, ನಾನು ದ್ವಿತೀಯ ಪಿಯುಸಿಯಲ್ಲಿ ಓದುತ್ತಿದ್ದೇನೆ. ಪಠ್ಯದಲ್ಲಿ ಈ ಎರಡೂ ಹೆಸರುಗಳು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಬಿಡುಗಡೆ ಮಾಡಿಸುವ ಹಾರ್ಮೋನನ್ನು ಹೆಚ್ಚು ಕಡಿಮೆ ಮಾಡಿದರೆ ಸಾಕಾಗುತ್ತಿರಲಿಲ್ಲವೇ? ತಡೆಯುವುದಕ್ಕೆಂದೇ ಇನ್ನೊಂದು ಹಾರ್ಮೋನು ಯಾಕೆ ಬೇಕಾಯಿತು?

ಹಳೆಯ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ ಮಗೂ. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದ ತಿರುಳು ಇಲ್ಲೇ ಇದೆ.

ಕೆರೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಲುವೆಯಿಂದ ನೀರು ಬಂದು ಕೆರೆ ತುಂಬುತ್ತಿದೆ, ಏರಿಯ ಕೆಳಗೆ ತೂಬು ಇದೆ. ತೂಬು ಮುಚ್ಚಿದ್ದರೂ ನೀರು ಬರುವುದು ನಿಲ್ಲುವುದಿಲ್ಲ. ಕೆರೆ ತುಂಬುತ್ತಾ ಹೋಗುತ್ತದೆ. ತೂಬು ಎತ್ತಿದ ಕ್ಷಣ, ಅಷ್ಟು ಹೊತ್ತು ಸೇರಿದ ನೀರೆಲ್ಲ ರಭಸದಿಂದ ಗದ್ದೆಗೆ ನುಗ್ಗುತ್ತದೆ. ಬೆಳವಣಿಗೆಯ ಹಾರ್ಮೋನನ್ನು ತಯಾರಿಸುವ, ಸೊಮ್ಯಾಟೋಟ್ರೋಪ್ ಎಂಬ ಪಿಟ್ಯುಟರಿಯ ಕೋಶಗಳು ಆ ಕೆರೆಯಂತೆ. ಜಿಎಚ್‌ಆರ್‌ಎಚ್ ಆ ಕೋಶಗಳಿಗೆ ಹಾರ್ಮೋನನ್ನು ತಯಾರಿಸು ಎಂದೂ ಹೇಳುತ್ತದೆ, ಹೊರಬಿಡು ಎಂದೂ ಹೇಳುತ್ತದೆ. ಸೊಮ್ಯಾಟೋಸ್ಟ್ಯಾಟಿನ್ ತಡೆಯುವುದು ಮುಖ್ಯವಾಗಿ ಹೊರಬಿಡುವುದನ್ನು, ತಯಾರಿಕೆಯ ಮೇಲೆ ಅದರ ಹಿಡಿತ ಕಡಿಮೆ. ಆದ್ದರಿಂದ ಸೊಮ್ಯಾಟೋಸ್ಟ್ಯಾಟಿನ್ ಇರುವಷ್ಟು ಹೊತ್ತು ಕೋಶದೊಳಗಿನ ಕಣಿಕೆಗಳಲ್ಲಿ ಹಾರ್ಮೋನು ಶೇಖರವಾಗುತ್ತದೆ, ಅದು ಸರಿದೊಡನೆ ಅಲೆ ಏಳುತ್ತದೆ. ಒಂದೇ ಹಾರ್ಮೋನನ್ನು ಹೆಚ್ಚು ಕಡಿಮೆ ಮಾಡಿದ್ದರೆ ಇಂಥ ಚೂಪಾದ ಅಲೆಯೂ ಅದರ ಹಿಂದೆ ಅಷ್ಟು ಸ್ವಚ್ಛವಾದ ತಗ್ಗೂ ಸಿಗುತ್ತಿರಲಿಲ್ಲ.

ಕೋಶದ ಒಳಗೆ ಏನಾಗುತ್ತದೆ ಎಂಬುದನ್ನೂ ಹೇಳುತ್ತೇನೆ, ನಿಮ್ಮ ಓದಿಗೆ ನೆರವಾದೀತು. ಜಿಎಚ್‌ಆರ್‌ಎಚ್ ತನ್ನ ಗ್ರಾಹಕಕ್ಕೆ ಅಂಟಿದಾಗ ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣು ಏರುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕಣಿಕೆಗಳು ಕೋಶದ ಅಂಚಿಗೆ ಬಂದು ಒಡೆಯುತ್ತವೆ. ಸೊಮ್ಯಾಟೋಸ್ಟ್ಯಾಟಿನ್ ಇದೇ ದಾರಿಯನ್ನು ಉಲ್ಟಾ ಹಿಡಿಯುತ್ತದೆ: ಸೈಕ್ಲಿಕ್ ಎಎಂಪಿಯನ್ನು ಇಳಿಸುತ್ತದೆ, ಪೊಟ್ಯಾಸಿಯಂ ಕಾಲುವೆಗಳನ್ನು ತೆರೆಸಿ ಕೋಶವನ್ನು ಮಂದಗೊಳಿಸುತ್ತದೆ, ಕ್ಯಾಲ್ಸಿಯಂ ಒಳಬರದಂತೆ ಮಾಡುತ್ತದೆ. ಇಬ್ಬರೂ ಒಂದೇ ಕೀಲಿಯನ್ನು ಎರಡು ದಿಕ್ಕಿಗೆ ತಿರುಗಿಸುವವರು.

ಶಿಶುವೈದ್ಯೆ

ಮೇಷ್ಟ್ರ ವಿವರಣೆಗೆ ವಂದನೆಗಳು. ನಾನು ಮಕ್ಕಳ ಅಂತಃಸ್ರಾವ ವಿಭಾಗದಲ್ಲಿ ತರಬೇತಿಯಲ್ಲಿದ್ದೇನೆ. ಕೆರೆ ಮತ್ತು ತೂಬಿನ ಚಿತ್ರ ನನಗೂ ಒಪ್ಪಿಗೆಯೇ, ಆದರೆ ಒಂದು ಎಚ್ಚರಿಕೆ ಸೇರಿಸಬೇಕು ಎನಿಸುತ್ತದೆ. ಆ ಚಿತ್ರ ಅತ್ಯಂತ ಸ್ಪಷ್ಟವಾಗಿ ಕಂಡಿರುವುದು ಇಲಿಗಳಲ್ಲಿ. ಗಂಡು ಇಲಿಗಳಲ್ಲಿ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷಕ್ಕೊಮ್ಮೆ ಗಡಿಯಾರದಂತೆ ಅಲೆ ಏಳುತ್ತದೆ ಎಂದು 1976ರಲ್ಲಿ ಟ್ಯಾನೆನ್‌ಬಾಮ್ ಮತ್ತು ಮಾರ್ಟಿನ್ ತೋರಿಸಿದರು. ಮನುಷ್ಯರ ಅಲೆಗಳಲ್ಲಿ ಅಷ್ಟು ಕರಾರುವಾಕ್ಕಾದ ಲೆಕ್ಕವಿಲ್ಲ. ವಯಸ್ಸು, ನಿದ್ರೆ, ಹಸಿವು, ಮೈಕೊಬ್ಬು, ಪ್ರೌಢಾವಸ್ಥೆಯ ಹಂತ ಇವೆಲ್ಲ ಅದನ್ನು ಬದಲಿಸುತ್ತವೆ.

ಹಾಗಿದ್ದರೂ ಮನುಷ್ಯರಲ್ಲಿ ತೂಬು ಇದೆ ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಸಾಕ್ಷ್ಯವಿದೆ. ಸ್ವಯಂಸೇವಕರಿಗೆ ಜಿಎಚ್‌ಆರ್‌ಎಚ್ ಅನ್ನು ದಿನವಿಡೀ ಬಿಡದೆ ಡ್ರಿಪ್ ಮೂಲಕ ಹರಿಸಿ ನೋಡಿದ್ದಾರೆ. ಪ್ರಚೋದನೆ ಒಂದೇ ಮಟ್ಟದಲ್ಲಿ ಸತತವಾಗಿದ್ದರೆ ಸ್ರಾವವೂ ಒಂದೇ ಮಟ್ಟದಲ್ಲಿ ಸತತವಾಗಿರಬೇಕಿತ್ತು. ಆದರೆ ಅಲೆಗಳು ಉಳಿದವು. ಕಾಲುವೆ ಸದಾ ಹರಿಯುತ್ತಿದ್ದರೂ ನೀರು ಬಿಟ್ಟುಬಿಟ್ಟು ಗದ್ದೆಗೆ ಬರುತ್ತಿದೆಯೆಂದರೆ ಯಾರೋ ತೂಬು ಎತ್ತಿ ಇಳಿಸುತ್ತಿದ್ದಾರೆ ಎಂದೇ ಅರ್ಥವಲ್ಲವೇ? ಇನ್ನೊಂದು ಕಡೆ, ಜಿಎಚ್‌ಆರ್‌ಎಚ್ ಕೆಲಸ ಮಾಡದಂತೆ ತಡೆಯುವ ವಸ್ತುವನ್ನು ಕೊಟ್ಟಾಗ ರಾತ್ರಿಯ ಸ್ರಾವದ ಬಹುಪಾಲು ಕುಗ್ಗಿತು. ಅಂದಮೇಲೆ ಎರಡೂ ಬೇಕು. ಪಿಟ್ಯುಟರಿಯ ತೊಟ್ಟು ಅಪಘಾತದಲ್ಲಿ ತುಂಡಾದರೆ ತಡೆಯೂ ಹೋಗುತ್ತದೆ, ಪ್ರಚೋದನೆಯೂ ಹೋಗುತ್ತದೆ. ಆದರೂ ಬೆಳವಣಿಗೆಯ ಹಾರ್ಮೋನು ಏರುವುದಿಲ್ಲ, ಇಳಿಯುತ್ತದೆ. ಇಬ್ಬರಲ್ಲಿ ಪ್ರಚೋದಕನ ಕೈ ಮೇಲು ಎನ್ನಲು ಅದೇ ಆಧಾರ.

ಹೇಮಾವತಿ ತೀರದ ಮೇಡಂ, ಈಗ ನಿಮ್ಮ ವಿಷಯ. ಒಂಟಿ ಮಾದರಿಯಿಂದ ಏನೂ ತಿಳಿಯದ ಕಾರಣ, ಅಗತ್ಯ ಕಂಡರೆ ವೈದ್ಯರು ಪ್ರಚೋದನಾ ಪರೀಕ್ಷೆ ಮಾಡಿಸುತ್ತಾರೆ. ಆ ಪರೀಕ್ಷೆಯೆಂದರೆ ಹೈಪೋಥಲಾಮಸ್‌ಗೆ ಬೇಕೆಂದೇ ಪ್ರಶ್ನೆ ಹಾಕುವುದು. ಕ್ಲೋನಿಡಿನ್ ಮಾತ್ರೆ ಮುಖ್ಯವಾಗಿ ಜಿಎಚ್‌ಆರ್‌ಎಚ್ ಅನ್ನು ಹೆಚ್ಚಿಸುತ್ತದೆ. ಆರ್ಜಿನೀನ್ ಎಂಬ ಅಮೈನೋ ಆಮ್ಲ ಸೊಮ್ಯಾಟೋಸ್ಟ್ಯಾಟಿನ್‌ನ ತಡೆಯನ್ನು ಸಡಿಲಿಸುತ್ತದೆ. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು ಇಳಿಸಿದರೆ ಮಿದುಳು ಅದನ್ನು ಅಪಾಯವೆಂದು ಗ್ರಹಿಸಿ ಹಾರ್ಮೋನನ್ನು ಬಿಡುಗಡೆ ಮಾಡಿಸುತ್ತದೆ. ಈ ಕೊನೆಯದನ್ನು ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು. ಆದರೆ ಇದೆಲ್ಲಕ್ಕೂ ಮೊದಲು ಎತ್ತರವನ್ನು ಸರಿಯಾಗಿ ಅಳೆಯಬೇಕು, ತಂದೆತಾಯಿಯ ಎತ್ತರ ಕೇಳಬೇಕು, ಥೈರಾಯ್ಡ್, ರಕ್ತಹೀನತೆ, ಮೂತ್ರಪಿಂಡ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇವುಗಳನ್ನು ನೋಡಬೇಕು, ಎಡಗೈ ಎಕ್ಸ್‌ರೇಯಿಂದ ಮೂಳೆಯ ವಯಸ್ಸು ತಿಳಿಯಬೇಕು, ಬೆಳವಣಿಗೆಯ ಹಾರ್ಮೋನಿನ ಪ್ರಭಾವದಿಂದ ಯಕೃತ್ತು ತಯಾರಿಸುವ ಐಜಿಎಫ್-1 ಎಂಬ ಹಾರ್ಮೋನಿನ ಪರೀಕ್ಷೆ ಮಾಡಬೇಕು. ಬೆಳವಣಿಗೆಯ ಹಾರ್ಮೋನಿನಂತೆ ಐಜಿಎಫ್-1 ಗಂಟೆಗಂಟೆಗೆ ಏರಿಳಿಯುವುದಿಲ್ಲ, ಹಾಗಾಗಿ ಅದರ ಒಂದೇ ಮಾದರಿಗೂ ಅರ್ಥವಿದೆ.

ಶಿರಸಿಯ ಓದುಗ

ಈ ಎರಡು ಹಾರ್ಮೋನುಗಳನ್ನು ಕಂಡುಹಿಡಿದ ಕಥೆಯನ್ನು ಯಾರೂ ಎತ್ತಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನನಗೆ ಇದು ವೈದ್ಯವಿಜ್ಞಾನದ ಅತ್ಯಂತ ಸ್ವಾರಸ್ಯಕರ ಹುಡುಕಾಟಗಳಲ್ಲಿ ಒಂದು.

ಹೈಪೋಥಲಾಮಸ್ ಮತ್ತು ಪಿಟ್ಯುಟರಿಯ ನಡುವಿನ ಆ ರಕ್ತನಾಳಗಳನ್ನು 1930ರಲ್ಲಿ ಪೋಪಾ ಮತ್ತು ಫೀಲ್ಡಿಂಗ್ ವರ್ಣಿಸಿದರು, ಆದರೆ ರಕ್ತ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ ಎಂದು ಭಾವಿಸಿದ್ದರು. ಅದು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಮಿದುಳು ಗ್ರಂಥಿಯನ್ನು ಆಳುವುದು ಆ ರಕ್ತದ ಮೂಲಕವೇ ಎಂದು ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ 1940 ಮತ್ತು 50ರ ದಶಕಗಳಲ್ಲಿ ಪ್ರಯೋಗದ ಮೇಲೆ ಪ್ರಯೋಗ ಮಾಡಿ ವಾದಿಸಿದರು. ಪಿಟ್ಯುಟರಿಯನ್ನು ಕಿತ್ತು ದೇಹದ ಬೇರೆ ಕಡೆ ನೆಟ್ಟರೆ ಅದು ಸೊರಗುತ್ತಿತ್ತು. ಮತ್ತೆ ಹೈಪೋಥಲಾಮಸ್‌ನ ಕೆಳಗೆ ನೆಟ್ಟು ರಕ್ತನಾಳಗಳು ಕೂಡಿಕೊಂಡರೆ ಚೇತರಿಸಿಕೊಳ್ಳುತ್ತಿತ್ತು. ಹಾಗಾದರೆ ಆ ರಕ್ತದಲ್ಲಿ ಇಳಿದು ಬರುವ ವಸ್ತು ಯಾವುದು ಎಂಬ ಪ್ರಶ್ನೆ ಎದ್ದಿತು.

ಅಮೆರಿಕದಲ್ಲಿ ರೋಜೆ ಗಿಯ್‌ಮ್ಯಾ ಕುರಿಗಳ, ಆಂಡ್ರ್ಯೂ ಶಾಲಿ ಹಂದಿಗಳ ಹೈಪೋಥಲಾಮಸ್‌ಗಳನ್ನು ಲಕ್ಷಗಟ್ಟಲೆ ಸಂಗ್ರಹಿಸಿ, ಅರೆದು, ಶುದ್ಧೀಕರಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಹಾರ್ಮೋನುಗಳನ್ನು ಪಡೆದರು. ಬೆಳವಣಿಗೆಯ ಹಾರ್ಮೋನನ್ನು ಬಿಡುಗಡೆ ಮಾಡಿಸುವ ವಸ್ತುವನ್ನು ಹುಡುಕಲು ಹೊರಟ ಗಿಯ್‌ಮ್ಯಾ ಅವರ ತಂಡಕ್ಕೆ 1973ರಲ್ಲಿ ಸಿಕ್ಕಿದ್ದು ತದ್ವಿರುದ್ಧವಾದದ್ದು, ಬಿಡುಗಡೆಯನ್ನು ನಿಲ್ಲಿಸುವ 14 ಅಮೈನೋ ಆಮ್ಲಗಳ ಸರಪಳಿ. ಅದೇ ಸೊಮ್ಯಾಟೋಸ್ಟ್ಯಾಟಿನ್. ಅಂಥ ತಡೆಯುವ ವಸ್ತುವೊಂದು ಹೈಪೋಥಲಾಮಸ್ ಸಾರದಲ್ಲಿ ಇದೆಯೆಂದು ಕ್ರೂಲಿಚ್, ಧಾರಿವಾಲ್ ಮತ್ತು ಮೆಕಾನ್ 1968ರಲ್ಲೇ ವರದಿ ಮಾಡಿದ್ದರು. ಗಿಯ್‌ಮ್ಯಾ ಮತ್ತು ಶಾಲಿ ಅವರಿಗೆ 1977ರ ನೊಬೆಲ್ ಬಂತು. ಅವರೊಡನೆ ಅದನ್ನು ಹಂಚಿಕೊಂಡವರು ರೇಡಿಯೋ ಇಮ್ಯುನೋ ಅಸ್ಸೇ ವಿಧಾನವನ್ನು ರೂಪಿಸಿದ ರೋಸಲಿನ್ ಯಾಲೋ. ರಕ್ತದಲ್ಲಿ ಇಷ್ಟು ಸೂಕ್ಷ್ಮ ಪ್ರಮಾಣದ ಹಾರ್ಮೋನನ್ನು ಅಳೆಯಲು ದಾರಿಯಾದದ್ದು ಆ ವಿಧಾನದಿಂದ.

ಮೊದಲು ಹುಡುಕಲು ಹೊರಟಿದ್ದ, ಬಿಡುಗಡೆ ಮಾಡಿಸುವ ವಸ್ತು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಕೊನೆಗೆ 1982ರಲ್ಲಿ ಅದು ಸಿಕ್ಕ ಜಾಗ ಮಿದುಳೇ ಅಲ್ಲ, ಮೇದೋಜೀರಕ ಗ್ರಂಥಿ. ಅಕ್ರೋಮೆಗಲಿ ಎಂಬ ಕಾಯಿಲೆಯಲ್ಲಿ ಬೆಳವಣಿಗೆಯ ಹಾರ್ಮೋನು ಅತಿಯಾಗಿ ಕೈಕಾಲು, ದವಡೆ ದೊಡ್ಡದಾಗುತ್ತವೆ. ಸಾಮಾನ್ಯವಾಗಿ ಅದಕ್ಕೆ ಪಿಟ್ಯುಟರಿಯ ಗಡ್ಡೆ ಕಾರಣ. ಆದರೆ ಕೆಲವೇ ರೋಗಿಗಳಲ್ಲಿ ಮೇದೋಜೀರಕದ ಗಡ್ಡೆಯೊಂದು ಈ ಬಿಡುಗಡೆಯ ಹಾರ್ಮೋನನ್ನು ಧಾರಾಳವಾಗಿ ಸುರಿಸುತ್ತಿತ್ತು. ಅಮೆರಿಕದ ವರ್ಜೀನಿಯಾದ ಒಬ್ಬ ರೋಗಿಯ ಗಡ್ಡೆಯಿಂದ 40 ಅಮೈನೋ ಆಮ್ಲಗಳ ರೂಪವೂ, ಫ್ರಾನ್ಸಿನ ಲಿಯೋಂ ನಗರದ ರೋಗಿಯ ಗಡ್ಡೆಯಿಂದ 44ರ ರೂಪವೂ ಒಂದೇ ವರ್ಷದಲ್ಲಿ ಹೊರಬಂದವು. ಲಕ್ಷಾಂತರ ಕುರಿಗಳ ಮಿದುಳು ಕೊಡದ ಉತ್ತರವನ್ನು ಇಬ್ಬರು ರೋಗಿಗಳ ದೇಹ ಕೊಟ್ಟಿತು.

ಪಿಸಿಎಂಬಿ ವಿದ್ಯಾರ್ಥಿನಿ

ಧನ್ಯವಾದಗಳು ಸರ್. ಇನ್ನೊಂದು ಸಂದೇಹವಿದೆ. ಸಾಕು ಎಂದು ಹೈಪೋಥಲಾಮಸ್‌ಗೆ ಯಾರು ತಿಳಿಸುತ್ತಾರೆ?

ಹಳೆಯ ಮೇಷ್ಟ್ರು

ಬೆಳವಣಿಗೆಯ ಹಾರ್ಮೋನು ತಾನೇ ತಿಳಿಸುತ್ತದೆ, ಅದರಿಂದ ಹುಟ್ಟಿದ ಐಜಿಎಫ್-1 ಇನ್ನೂ ಗಟ್ಟಿಯಾಗಿ ತಿಳಿಸುತ್ತದೆ. ಹಾರ್ಮೋನು ಯಕೃತ್ತನ್ನು ಮುಟ್ಟಿದಾಗ ಅಲ್ಲಿ ಐಜಿಎಫ್-1 ತಯಾರಾಗುತ್ತದೆ. ಎಲುಬಿನ ತುದಿಯ ಮೃದ್ವಸ್ಥಿಯಲ್ಲೂ ಸ್ಥಳೀಯವಾಗಿ ತಯಾರಾಗುತ್ತದೆ. ಮೂಳೆ ಉದ್ದವಾಗುವುದರಲ್ಲಿ ಅದರದು ದೊಡ್ಡ ಪಾತ್ರ. ಅದೇ ಐಜಿಎಫ್-1 ರಕ್ತದಲ್ಲಿ ಮೇಲಕ್ಕೆ ಹೋಗಿ ಪಿಟ್ಯುಟರಿಯನ್ನು ನೇರವಾಗಿ ತಗ್ಗಿಸುತ್ತದೆ, ಹೈಪೋಥಲಾಮಸ್‌ನಲ್ಲಿ ಸೊಮ್ಯಾಟೋಸ್ಟ್ಯಾಟಿನ್ ಹೆಚ್ಚಿಸಿ ಜಿಎಚ್‌ಆರ್‌ಎಚ್ ಕುಗ್ಗಿಸುತ್ತದೆ.

ಈ ಸುದ್ದಿ ಮುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಇಸ್ರೇಲಿನ ಜ್ವಿ ಲ್ಯಾರೋನ್ 1966ರಲ್ಲಿ ವರ್ಣಿಸಿದ ಮಕ್ಕಳಲ್ಲಿ ನೋಡಬಹುದು. ಅವರಿಗೆ ಬೆಳವಣಿಗೆಯ ಹಾರ್ಮೋನಿನ ಗ್ರಾಹಕವೇ ಸರಿಯಿಲ್ಲ. ಹಾರ್ಮೋನು ಬಂದರೂ ಐಜಿಎಫ್-1 ಹುಟ್ಟದು, ಸಾಕು ಎಂಬ ಸುದ್ದಿ ಮಿದುಳಿಗೆ ಬಾರದು. ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕುತ್ತಿದ್ದರೂ ಮಗು ಮಾತ್ರ ಬಹಳ ಗಿಡ್ಡ. ತೀವ್ರ ಅಪೌಷ್ಟಿಕತೆಯ ಮಕ್ಕಳಲ್ಲೂ ಹೀಗೆಯೇ ಹಾರ್ಮೋನು ಹೆಚ್ಚು, ಐಜಿಎಫ್-1 ಕಡಿಮೆ. ಊಟವಿಲ್ಲದ ದೇಹ ಬೆಳವಣಿಗೆಯನ್ನು ಮುಂದೂಡಿ, ಅದೇ ಹಾರ್ಮೋನಿನಿಂದ ಕೊಬ್ಬನ್ನು ಕರಗಿಸಿ ಜೀವ ಹಿಡಿದುಕೊಳ್ಳುತ್ತದೆ. ಅಂಥ ಮಗುವಿಗೆ ಬೇಕಾದದ್ದು ಅನ್ನ, ಬೇಳೆ, ಮೊಟ್ಟೆ, ಹಾಲು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹೊಟ್ಟೆಯಿಂದಲೂ ಒಂದು ಸುದ್ದಿ ಹೋಗುತ್ತದೆ. ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಇಲಿಯ ಜಠರದಿಂದ 28 ಅಮೈನೋ ಆಮ್ಲಗಳ ಗ್ರೆಲಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಹಸಿವಾದಾಗ ಏರುವ ಇದು ಜಿಎಚ್‌ಆರ್‌ಎಚ್ ನರಕೋಶಗಳನ್ನೂ ಪಿಟ್ಯುಟರಿಯನ್ನೂ ಒಟ್ಟಿಗೆ ಕೆಣಕುತ್ತದೆ.

ರಾತ್ರಿಪಾಳಿ

ಮಕ್ಕಳು ರಾತ್ರಿ ಹತ್ತರೊಳಗೆ ಮಲಗದಿದ್ದರೆ ಬೆಳವಣಿಗೆಯ ಹಾರ್ಮೋನು ಬರುವುದೇ ಇಲ್ಲ ಎಂಬ ಸಂದೇಶ ನಮ್ಮ ವಾಟ್ಸಾಪ್ ಗುಂಪಿನಲ್ಲಿ ತಿರುಗುತ್ತಿದೆ. ನಾನೂ ನನ್ನ ಹೆಂಡತಿಯೂ ಪಾಳಿಯಲ್ಲಿ ದುಡಿಯುವವರು, ಮಕ್ಕಳು ಮಲಗುವಾಗ ಹನ್ನೊಂದಾಗುತ್ತದೆ. ಇದು ನಿಜವೇ? ಎತ್ತರ ಹೆಚ್ಚಿಸುವ ಪುಡಿ ಎಂದು ಮಾರುವುದೂ ಈ ಹಾರ್ಮೋನಿನ ಹೆಸರಿನಲ್ಲೇ.

ಶಿಶುವೈದ್ಯೆ

ದೊಡ್ಡ ಅಲೆ ಕಾಯುವುದು ಗಾಢ ನಿದ್ರೆಯನ್ನು. ಗಡಿಯಾರದ ಹತ್ತು ಗಂಟೆಗೆ ಅದರಲ್ಲಿ ವಿಶೇಷವೇನಿಲ್ಲ. 1968ರಲ್ಲಿ ತಾಕಾಹಾಶಿ, ಕಿಪ್ನಿಸ್ ಮತ್ತು ಡಾಘಡೇ ನಿದ್ರಿಸುವವರ ರಕ್ತವನ್ನು ರಾತ್ರಿಯಿಡೀ ಪರೀಕ್ಷಿಸಿ, ನಿದ್ರೆ ಹತ್ತಿದ ಮೊದಲ ಹಂತದಲ್ಲೇ ಸ್ರಾವ ಏರುವುದನ್ನು ತೋರಿಸಿದರು. ಮಲಗುವುದನ್ನು ತಡಮಾಡಿಸಿದಾಗ ಅಲೆಯೂ ತಡವಾಗಿ ಎದ್ದಿತು. ಆದ್ದರಿಂದ ನಿಮ್ಮ ಮಕ್ಕಳು ಹನ್ನೊಂದಕ್ಕೆ ಮಲಗಿದರೂ ಸಾಕಷ್ಟು ಹೊತ್ತು, ಅಡೆತಡೆಯಿಲ್ಲದೆ ನಿದ್ರಿಸುತ್ತಿದ್ದರೆ ಗಾಬರಿಪಡಬೇಡಿ. ಬೆಳಿಗ್ಗೆ ಶಾಲೆಗೆಂದು ಆರಕ್ಕೇ ಎಬ್ಬಿಸಿ ನಿದ್ರೆಯನ್ನೇ ಮೊಟಕು ಮಾಡುವುದು ಬೇರೆಯ ಚಿಂತೆ.

ಪುಡಿಯ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಬೆಳವಣಿಗೆಯ ಹಾರ್ಮೋನು 191 ಅಮೈನೋ ಆಮ್ಲಗಳ ಪ್ರೋಟೀನು. ಬಾಯಿಂದ ನುಂಗಿದರೆ ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನಂತೆಯೇ ಅರಗಿಸುತ್ತದೆ. ಚಿಕಿತ್ಸೆಗೆ ಅದನ್ನು ಸೂಜಿಯಿಂದಲೇ ಕೊಡುವುದು ಈ ಕಾರಣಕ್ಕೆ. ಆ ಪುಡಿಗೆ ಹಣ ಹಾಕಬೇಡಿ.

ಗದಗಿನ ತಂದೆ

ನನ್ನ ಮಗಳಿಗೆ ನಾಲ್ಕನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಇತ್ತು. ತಲೆಗೆ ವಿಕಿರಣ ಚಿಕಿತ್ಸೆ ಕೊಟ್ಟಿದ್ದರು. ದೇವರ ದಯೆಯಿಂದ ಗುಣವಾಯಿತು, ಈಗ ಹತ್ತು ವರ್ಷ. ಎತ್ತರ ಅಳೆಯುತ್ತಿರಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ. ಇದಕ್ಕೂ ಹೈಪೋಥಲಾಮಸ್‌ಗೂ ಸಂಬಂಧವಿದೆಯೇ?

ಶಿಶುವೈದ್ಯೆ

ಸಂಬಂಧವಿದೆ ಸರ್, ತಡಮಾಡದೆ ತೋರಿಸಿ. ವಿಕಿರಣಕ್ಕೆ ಪಿಟ್ಯುಟರಿಗಿಂತ ಹೈಪೋಥಲಾಮಸ್ ಬೇಗ ನಲುಗುತ್ತದೆ, ಅದರ ಕೆಲಸಗಳ ಪೈಕಿ ಮೊದಲು ಕುಂದುವುದು ಬೆಳವಣಿಗೆಯ ಹಾರ್ಮೋನಿನ ನಿಯಂತ್ರಣವೇ. ಚಿಕಿತ್ಸೆ ಮುಗಿದು ಹಲವು ವರ್ಷಗಳ ನಂತರವೂ ಅದು ಕಾಣಿಸಿಕೊಳ್ಳಬಹುದು. ಇಂಥ ಮಕ್ಕಳಲ್ಲಿ ಕೆಲವೊಮ್ಮೆ ಪ್ರೌಢಾವಸ್ಥೆ ಬೇಗ ಆರಂಭವಾಗಿ ಎತ್ತರ ಚೆನ್ನಾಗಿಯೇ ಏರುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಹಳೆಯ ಚಿಕಿತ್ಸೆಯ ಕಾಗದಗಳನ್ನು, ಎಷ್ಟು ಗ್ರೇ (ವಿಕಿರಣದ ಅಳತೆಯ ಮಾನ) ವಿಕಿರಣ ಕೊಟ್ಟರೆಂಬ ವಿವರದೊಂದಿಗೆ, ತೆಗೆದುಕೊಂಡು ಹೋಗಿ.

ಶಿರಸಿಯ ಓದುಗ

ಮನಸ್ಸಿನ ನೋವಿನಿಂದ ಮಗು ಬೆಳೆಯುವುದು ನಿಲ್ಲುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹೈಪೋಥಲಾಮಸ್ ಮಿದುಳಿನ ಭಾಗವಾದ್ದರಿಂದ ಅದಕ್ಕೂ ಆಧಾರವಿರಬಹುದೇ?

ಹಳೆಯ ಮೇಷ್ಟ್ರು

ಆಧಾರವಿದೆ. 1967ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪೊವೆಲ್, ಬ್ರೇಸೆಲ್ ಮತ್ತು ಬ್ಲಿಜಾರ್ಡ್ 13 ಮಕ್ಕಳನ್ನು ವರ್ಣಿಸಿದರು. ಪ್ರೀತಿಯಿಲ್ಲದ, ಕಿರುಕುಳದ ಮನೆಗಳಿಂದ ಬಂದವರು. ಎತ್ತರ ಕುಂಠಿತವಾಗಿತ್ತು, ಪರೀಕ್ಷೆಯಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆ ಬರುತ್ತಿತ್ತು. ಮನೆಯಿಂದ ಬೇರ್ಪಡಿಸಿ ಬೇರೆ ಕಡೆ ಇರಿಸಿದಾಗ ಯಾವ ಹಾರ್ಮೋನನ್ನೂ ಕೊಡದೆಯೇ ಬೆಳೆಯತೊಡಗಿದರು. ಗ್ರಂಥಿ ಸರಿಯಿತ್ತು, ಮೇಲಿನಿಂದ ಆಜ್ಞೆ ಬರುತ್ತಿರಲಿಲ್ಲ. ಈ ವರದಿಯ ಪಾಠ ಮಾಡುವ ದಿನ ತರಗತಿ ನಿಶ್ಶಬ್ದವಾಗುತ್ತಿತ್ತು.

ಆಜ್ಞೆ ಬಂದರೂ ಕೇಳಿಸದ ಸ್ಥಿತಿಯೂ ಇದೆ, ಅದು ನಮ್ಮ ಉಪಖಂಡದ್ದೇ ಕಥೆ. 1996ರಲ್ಲಿ ಭಾರತೀಯ ಮೂಲದ ಒಂದು ಮುಸ್ಲಿಂ ಕುಟುಂಬದ ಇಬ್ಬರು ಸೋದರಸಂಬಂಧಿ ಮಕ್ಕಳಲ್ಲಿ ಜಿಎಚ್‌ಆರ್‌ಎಚ್ ಗ್ರಾಹಕದ ವಂಶವಾಹಿಯ ದೋಷ ಮೊದಲ ಬಾರಿಗೆ ಪತ್ತೆಯಾಯಿತು. 423 ಅಮೈನೋ ಆಮ್ಲಗಳ ಗ್ರಾಹಕ 72ನೆಯ ಸ್ಥಾನದಲ್ಲೇ ತುಂಡಾಗಿ ನಿಂತುಬಿಡುತ್ತಿತ್ತು. ಅನಂತರ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಇದೇ ದೋಷದ ಒಂದು ಬಳಗವೇ ಕಂಡುಬಂತು. ಅಲ್ಲಿನ ವಯಸ್ಕ ಗಂಡಸರ ಸರಾಸರಿ ಎತ್ತರ ಸುಮಾರು 130 ಸೆಂಟಿಮೀಟರ್, ಅಂಗಾಂಗಗಳು ಪ್ರಮಾಣಬದ್ಧವಾಗಿದ್ದವು. ತಂದೆ ತಾಯಿ ಇಬ್ಬರಿಂದಲೂ ದೋಷಪೂರಿತ ಪ್ರತಿ ಬಂದಾಗ ಮಾತ್ರ ಇದು ಪ್ರಕಟವಾಗುವುದರಿಂದ, ರಕ್ತಸಂಬಂಧದ ಮದುವೆಗಳಿರುವ ಕಡೆ ಸಂಭವ ಹೆಚ್ಚು. ಸೋದರಮಾವನ, ಅತ್ತೆಯ ಮಕ್ಕಳ ಸಂಬಂಧಗಳು ನಮ್ಮ ಕರ್ನಾಟಕದಲ್ಲೂ ಅಪರೂಪವಲ್ಲ. ಆದ್ದರಿಂದ ಗಿಡ್ಡ ಮಗುವಿನ ವಿಷಯದಲ್ಲಿ ವೈದ್ಯರು ವಂಶವೃಕ್ಷ ಕೇಳಿದರೆ ಸಂಕೋಚಪಡದೆ ಹೇಳಬೇಕು.

ಹೇಮಾವತಿ ತೀರ

ಐದು ವಾರಗಳ ಬಳಿಕ ಮತ್ತೆ ಬರೆಯುತ್ತಿದ್ದೇನೆ. ತಜ್ಞರು ಆ 0.3ರ ವರದಿಯನ್ನು ನೋಡಿ ಪಕ್ಕಕ್ಕೆ ಇಟ್ಟರು. ಥೈರಾಯ್ಡ್, ರಕ್ತ, ಮೂತ್ರಪಿಂಡ ಎಲ್ಲ ಸರಿಯಿದೆ. ಐಜಿಎಫ್-1 ವಯಸ್ಸಿನ ಮಿತಿಯ ಒಳಗೆ, ಕೆಳಗಿನ ಅಂಚಿಗೆ ಹತ್ತಿರವಿದೆ. ಮೂಳೆಯ ವಯಸ್ಸು ಆರೂವರೆ ಎಂದರು.

ಕ್ಲೋನಿಡಿನ್ ಪರೀಕ್ಷೆಯ ದಿನ ಮಗ ಖಾಲಿ ಹೊಟ್ಟೆಯಲ್ಲಿ ಮಲಗಿದ್ದ. ಕೈಗೆ ಕ್ಯಾನುಲಾ ಹಾಕಿ ಮೊದಲ ರಕ್ತ ತೆಗೆದು ಮಾತ್ರೆ ಕೊಟ್ಟರು. ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ಗಂಟೆಯವರೆಗೆ ತೆಗೆದರು. ನರ್ಸಮ್ಮ ಪ್ರತಿ ಟ್ಯೂಬಿನ ಮೇಲೂ ಸಮಯ ಬರೆದು ಸ್ಟ್ಯಾಂಡಿನಲ್ಲಿ ಸಾಲಾಗಿ ಇಡುತ್ತಿದ್ದರು. ಎರಡನೆಯ ಟ್ಯೂಬಿನ ಹೊತ್ತಿಗೆ ಮಗನಿಗೆ ತೂಕಡಿಕೆ ಬಂದು ನನ್ನ ಮಡಿಲಲ್ಲಿ ನಿದ್ದೆ ಹೋದ, ರಕ್ತದೊತ್ತಡ ಸ್ವಲ್ಪ ಇಳಿದಿದೆ ಎಂದು ಏಳಲು ಬಿಡಲಿಲ್ಲ. ಐದು ಸಂಖ್ಯೆಗಳು ಹೀಗೆ ಬಂದವು: 0.2, 3.1, 8.4, 5.7, 2.0. ಮೇಷ್ಟ್ರು ಹೇಳಿದ ಅಲೆ ಕಾಗದದ ಮೇಲೆ ಕಣ್ಣಿಗೇ ಕಂಡಿತು. ಅದೇ ಮಗು, ಅದೇ ಬೆಳಗು, ಒಂದು ಗಂಟೆಯ ಅಂತರದಲ್ಲಿ 0.2 ಇದ್ದದ್ದು 8.4 ಆಗಿತ್ತು.

ನಮ್ಮ ಯಜಮಾನರಿಗೆ ಹದಿನೇಳರ ನಂತರವೇ ಮೀಸೆ ಮೂಡಿದ್ದು, ಎಸ್ಸೆಸ್ಸೆಲ್ಸಿ ಫೋಟೋದಲ್ಲಿ ಅವರು ಮುಂದಿನ ಸಾಲಿನಲ್ಲಿ ಕೂತವರು, ಕಾಲೇಜಿಗೆ ಹೋದ ಮೇಲೆ ಎತ್ತರವಾದವರು ಎಂಬುದನ್ನೂ ವೈದ್ಯರು ಕೇಳಿ ಬರೆದುಕೊಂಡರು. ಆರು ತಿಂಗಳು ನೋಡೋಣ ಎಂದಿದ್ದಾರೆ. 8.4 ಸಾಕೇ ಸಾಲದೇ ಎಂಬುದೊಂದು ನನ್ನ ತಲೆಯಲ್ಲಿ ಉಳಿದಿದೆ.

ಶಿಶುವೈದ್ಯೆ

ಮೇಡಂ, ಅದು ಸಂದಿಗ್ಧ ವಲಯದ ಸಂಖ್ಯೆ. ಅತಿಹೆಚ್ಚಿನ ಮಟ್ಟ 10 ದಾಟಬೇಕು ಎಂದು ಬಹುಕಾಲ ಬಳಸುತ್ತಿದ್ದರು. ಈಗಿನ ಅಳತೆ ವಿಧಾನಗಳಿಗೆ 7ರ ಸುಮಾರಿನ ಗಡಿ ಸಾಕು ಎನ್ನುವವರೂ ಇದ್ದಾರೆ. ಒಂದೇ ಪ್ರಚೋದನಾ ಪರೀಕ್ಷೆಯಿಂದ ಕೊರತೆ ಎಂದು ನಿರ್ಧರಿಸುವುದೂ ಇಲ್ಲ, ಸಾಮಾನ್ಯವಾಗಿ ಬೇರೆ ಔಷಧದಿಂದ ಎರಡನೆಯದನ್ನು ಮಾಡುತ್ತೇವೆ. ಮೂಳೆಯ ವಯಸ್ಸು ಎರಡು ವರ್ಷ ಹಿಂದಿರುವುದು, ತಂದೆ ತಡವಾಗಿ ಬೆಳೆದದ್ದು, ಐಜಿಎಫ್-1 ಮಿತಿಯೊಳಗಿರುವುದು, ಇವೆಲ್ಲ ಸೇರಿ ತಡವಾಗಿ ಬೆಳೆಯುವ ಮಗು ಇರಬಹುದು ಎಂಬ ಕಡೆಗೆ ವಾಲುತ್ತವೆ. ಆದರೆ ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಎಂಬುದು ಕಡಿಮೆಯೇ, ಅದಕ್ಕೆ ಅವರು ಕಾದು ನೋಡುತ್ತಿರುವುದು ಸರಿಯಾಗಿದೆ.

ಈ ನಡುವೆ ಅಳತೆಯನ್ನು ಹೀಗೆ ಮಾಡಿ: ಬೆಳಗಿನ ಹೊತ್ತು, ಬರಿಗಾಲಿನಲ್ಲಿ, ಹಿಮ್ಮಡಿ, ಪೃಷ್ಠ, ಭುಜ ಗೋಡೆಗೆ ತಾಗುವಂತೆ ನಿಲ್ಲಿಸಿ, ನೋಟ ನೇರ ಮುಂದಕ್ಕಿರಲಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಅದರ ಕೆಳಗಂಚಿಗೆ ಗೆರೆ ಎಳೆಯಿರಿ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ಬಾಗಿಲ ಚೌಕಟ್ಟಿನ ಹಳೆಯ ಗೆರೆಗಳನ್ನು ಅಳಿಸಬೇಡಿ, ಅವುಗಳ ಫೋಟೋ ತೆಗೆದು ಮುಂದಿನ ಭೇಟಿಗೆ ಒಯ್ಯಿರಿ.